ಕಾಫಿ ಟ್ರೇ ಮತ್ತು ನನ್ನ ಮೊದಲ ಇಂಟರ್‌ವ್ಯೂ

ಟ್ರೇ ಕಂಡರೆ ನಾನು ಎದ್ದು ನಿಲ್ಲುತ್ತೇನೆ. ಗೌರವಕ್ಕಲ್ಲ, ಅದೊಂದು ಕಾಯಿಲೆ. ಯಾರ ಮನೆಯ ಗೃಹಪ್ರವೇಶವೇ ಇರಲಿ, ಯಾವ ಆಫೀಸಿನ ಮೀಟಿಂಗೇ ಇರಲಿ, ಬಾಗಿಲ ಕಡೆಯಿಂದ ಲೋಟಗಳ ಸದ್ದು ಬಂದರೆ ಸಾಕು, ನನ್ನ ಅಪ್ಪಣೆ ಕೇಳದೆ ಸೊಂಟ ಮೇಲೇಳುತ್ತದೆ, ಎರಡೂ ಕೈ ಮುಂದೆ ಚಾಚಿಕೊಳ್ಳುತ್ತವೆ. ಒಂದು ಸಲ ವಿಮಾನದಲ್ಲಿ ಆ ಚೆಂದದ ಹುಡುಗಿ ಟ್ರೇ ಹಿಡಿದು ನಮ್ಮ ಸಾಲಿಗೆ ಬಂದಳು ನೋಡಿ, ಸೊಂಟಕ್ಕೆ ಬೆಲ್ಟು ಕಟ್ಟಿದ್ದರಿಂದ ಮಾನ ಉಳಿಯಿತು. ಇಲ್ಲದಿದ್ದರೆ ಅವತ್ತು ಅಷ್ಟೂ ಪ್ರಯಾಣಿಕರಿಗೆ ನಾನೇ ಹಂಚಿಬಿಡುತ್ತಿದ್ದೆ.

ಪಕ್ಕದ ಸೀಟಿನಲ್ಲಿದ್ದ ನನ್ನ ಗಂಡ ಕಿಟಕಿಯ ಕಡೆ ತಿರುಗಿ ಭುಜ ಕುಣಿಸಿಕೊಂಡು ನಕ್ಕರು. ನಗಲಿ ಬಿಡಿ. ನನ್ನ ಒಂದೇ ಒಂದು ಉತ್ತರಕ್ಕಾಗಿ ವರ್ಷಕ್ಕೂ ಮಿಕ್ಕಿ ಕಾದ ಮನುಷ್ಯ, ನಗುವ ಹಕ್ಕು ಅವರಿಗಿದೆ. ಮೇಲಾಗಿ ನಮ್ಮ ಮನೆಯಲ್ಲಿ ಭಾನುವಾರದ ಮೊಟ್ಟೆ ಸಾರು ಮಾಡುವವರೂ ಅವರೇ, ಹಾಗಾಗಿ ಜಾಸ್ತಿ ಜಗಳಕ್ಕೆ ಹೋಗುವ ಹಾಗಿಲ್ಲ.

ಈ ಕಾಯಿಲೆಯ ಮೂಲ ಹುಡುಕಿದರೆ ಒಂದು ಮೆಲಮೈನ್ ಪ್ಲಾಸ್ಟಿಕ್ಕಿನ ಟ್ರೇ ಸಿಗುತ್ತದೆ. ಅಂಚಿಗೆ ಬಂಗಾರದ ಗೆರೆ, ನಡುವೆ ನನ್ನ ಮುಖದಷ್ಟು ದೊಡ್ಡ ಗುಲಾಬಿ. ಅದನ್ನು ಶಿವಾಜಿನಗರದಲ್ಲಿ ಅಂಗಡಿಯವನ ಜೀವ ತಿಂದು ಕೊಂಡು ತಂದವರು ದೊಡ್ಡತ್ತೆ, ಅಂದರೆ ನಮ್ಮಪ್ಪನ ಅಕ್ಕ. ಅಮ್ಮ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದರಿಂದ ನನ್ನನ್ನು ಸಾಕಿದ್ದು, ಬೈದದ್ದು, ಜಡೆ ಹೆಣೆದದ್ದು ಎಲ್ಲ ಅವರೇ. ಟ್ರೇ ತಂದ ದಿನ ಅದನ್ನು ನನ್ನ ಕೈಗಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದರು. "ಹೂಂ. ಗುಲಾಬಿ ನಿನ್ ಬಣ್ಣಕ್ಕೆ ಹೊಂದುತ್ತೆ" ಅಂದರು. ನಾನಾಗ ಬಿ.ಕಾಂ. ಕೊನೆಯ ವರ್ಷ. ಟ್ರೇ ಯಾಕೆ ಬಂತು ಅನ್ನುವುದು ಆ ಮೇಲೆ ಬಂದ ಭಾನುವಾರಗಳಲ್ಲಿ ತಿಳಿಯಿತು.

ನಮ್ಮ ಮನೆ ಇದ್ದದ್ದು ಕಮ್ಮನಹಳ್ಳಿಯಲ್ಲಿ. ಈಗ ಸಂಜೆಯಾದರೆ ಜನ ಗುಂಪುಗುಂಪಾಗಿ ತಿನ್ನಲು ಬರುತ್ತಾರಲ್ಲ, ಆ ಮುಖ್ಯರಸ್ತೆಯ ಹಿಂದಿನ ಹಳೇ ಊರು. ಅಪ್ಪ ಒಂದು ಕಾಲಕ್ಕೆ ದ್ರಾಕ್ಷಿ ಬೆಳೆದವರು. ನಮ್ಮ ತೋಟದ ಮೇಲೆ ಕಲ್ಯಾಣ ನಗರದ ಸೈಟುಗಳು ಬಂದ ಮೇಲೆ ಮನೆಯ ಮೇಲೆ ಮನೆ ಕಟ್ಟಿ ಬಾಡಿಗೆಗೆ ಕೊಟ್ಟು, ಬೆಳಿಗ್ಗೆ ಎದ್ದು ಏನು ಮಾಡಬೇಕೋ ತಿಳಿಯದೆ ಸ್ಕೂಟರ್ ಒರೆಸುತ್ತಾ ಕೂರುತ್ತಿದ್ದರು. ಬಳ್ಳಿ ನೋಡಿಕೊಳ್ಳುವ ಕೆಲಸ ತಪ್ಪಿದ ಆ ಗಮನವೆಲ್ಲ ನನ್ನ ಮದುವೆಯ ಮೇಲೆ ತಿರುಗಿತು.

ಹೆಣ್ಣು ನೋಡುವ ಶಾಸ್ತ್ರ ನಮ್ಮಲ್ಲಿ ಹೇಗೆ ನಡೆಯುತ್ತಿತ್ತು ಅನ್ನುವುದನ್ನು ಹೇಳಿಬಿಡುತ್ತೇನೆ. ಮುಂದಿನ ಅನಾಹುತ ಅರ್ಥವಾಗಬೇಕಾದರೆ ಅದು ಬೇಕು. ಗಂಡಿನ ಕಡೆಯವರು ಹಾಲಿನ ಸೋಫಾದಲ್ಲಿ ಸಾಲಾಗಿ ಕೂತಿರುತ್ತಾರೆ. ನಾನು ಬರಿಗಾಲಲ್ಲಿ, ಹೆಬ್ಬೆರಳಿಂದ ನೆಲ ತಡಕಿಕೊಂಡು, ಗುಲಾಬಿ ಟ್ರೇ ಹಿಡಿದು ಬರಬೇಕು. ಸಾಲಿನಲ್ಲಿ ಅತಿ ಹಿರಿಯರು ಯಾರೆಂದು ಒಂದೇ ನೋಟದಲ್ಲಿ ಕಂಡುಹಿಡಿದು ಅವರಿಂದಲೇ ಶುರು ಮಾಡಬೇಕು. ಹುಡುಗನಿಗೆ ಕೊನೆಗೆ. ಖಾಲಿ ಟ್ರೇಯನ್ನು ಎದೆಗೆ ಅವುಚಿಕೊಂಡು ಕುರ್ಚಿಯ ತುದಿಯಲ್ಲಿ ಕೂರಬೇಕು. ಆಮೇಲೆ ಒಬ್ಬ ಹೆಂಗಸು ಕೇಳುತ್ತಾರೆ, "ಅಡುಗೆ ಮಾಡೋಕೆ ಬರುತ್ತೇನಮ್ಮಾ?" ಬರುತ್ತೆ ಅನ್ನಬೇಕು. ಬರುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ನನ್ನ ಸರದಿ ಮುಗಿದ ಮೇಲೆ ಅಪ್ಪನದು. ಅಪ್ಪ ಸೌಮ್ಯ ಮನುಷ್ಯ, ಆದರೆ ಈ ವಿಷಯದಲ್ಲಿ ಪೊಲೀಸು. "ಮನೆ ಸ್ವಂತದ್ದಾ, ಬಾಡಿಗೇದಾ? ಸಾಲ ಸೋಲ ಏನಾದ್ರೂ ಇದ್ಯಾ? ಮನೇಲಿ ಮಾತು ಯಾರದು ನಡೆಯೋದು? ಹಬ್ಬಕ್ಕೆ ಹುಡುಗೀನ ತವರಿಗೆ ಕಳಿಸ್ತೀರಾ?" ಒಂದನ್ನೂ ಬಿಡುತ್ತಿರಲಿಲ್ಲ. ಎಲ್ಲ ಮುಗಿದು, ಎಲೆ ಅಡಿಕೆ ತಟ್ಟೆ ಮುಟ್ಟಿ, ಚಪ್ಪಲಿ ಹಾಕಿಕೊಳ್ಳುತ್ತಾ ಅವರು ಹೇಳುತ್ತಿದ್ದದ್ದು ಒಂದೇ ಮಾತು. "ಮನೇಲಿ ಮಾತಾಡಿ ತಿಳಿಸ್ತೀವಿ."

ಆ ಮಾತು ಹೇಳಿದವರಲ್ಲಿ ಒಬ್ಬರೂ ತಿಳಿಸಿದ್ದಿಲ್ಲ. ಒಬ್ಬರಿಗೆ ನಾನು ಉದ್ದ, ಇನ್ನೊಬ್ಬರಿಗೆ ಜಾತಕ ಗಿಡ್ಡ. ನನಗೆ ಅದರಿಂದ ದುಃಖವಾಗುತ್ತಿತ್ತು ಅಂದುಕೊಳ್ಳಬೇಡಿ, ಅವರು ಬಿಟ್ಟುಹೋದ ಕೇಸರಿಬಾತು ನನ್ನ ಪಾಲಿಗೇ ಬರುತ್ತಿತ್ತು. ಒಂದೇ ಒಂದು ವಿಷಯ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಅಷ್ಟು ಜನ ಬಂದು ಅಷ್ಟೆಲ್ಲ ಕೇಳಿ ಹೋದರಲ್ಲ, ನಿನಗೆ ಹುಡುಗ ಒಪ್ಪಿಗೇನಾ ಅಂತ ಒಬ್ಬರೂ ಕೇಳಲಿಲ್ಲ. ಅವರು ಕೇಳಲಿಲ್ಲ ಸರಿ, ಅಪ್ಪನೂ ಕೇಳಲಿಲ್ಲ.

ಹೀಗಿರುವಾಗ ಇಂದಿರಾನಗರದ ಒಂದು ಹೋಟೆಲಿನಲ್ಲಿ ಫ್ರಂಟ್ ಆಫೀಸಿಗೆ, ಅಂದರೆ ರಿಸೆಪ್ಷನ್ ಕೌಂಟರಿಗೆ, ಹುಡುಗಿ ಬೇಕು ಅನ್ನುವ ಜಾಹೀರಾತು ಕಣ್ಣಿಗೆ ಬಿತ್ತು. ಅರ್ಜಿ ಹಾಕಿದೆ. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಬನ್ನಿ ಎಂದು ಕರೆ ಬಂತು. ಹೋಟೆಲ್ ಕೆಲಸ ಅಂದರೆ ನನ್ನ ತಲೆಯಲ್ಲಿ ಮೂಡುತ್ತಿದ್ದ ಚಿತ್ರ ಒಂದೇ: ಎದೆಯ ಮೇಲೆ ಹೊಳೆಯುವ ಒಂದು ಪಟ್ಟಿ, ಅದರ ಮೇಲೆ ನನ್ನ ಹೆಸರು, ಸುಜಾತ. ಬಂದವರೆಲ್ಲ ಅದನ್ನು ಓದಿ ನನ್ನನ್ನು ಹೆಸರು ಹಿಡಿದು ಕರೆಯಬೇಕು. ಇಂಥವರ ಮಗಳು ಅಂತಲ್ಲ, ಹುಡುಗಿ ಅಂತಲ್ಲ, ಸುಜಾತ ಅಂತ. ಆ ಆಸೆಗೆ ಎರಡು ದಿನ ನಿದ್ದೆ ಸರಿಯಾಗಿ ಬರಲಿಲ್ಲ.

ಅಪ್ಪ ಸ್ಕೂಟರ್ ಒರೆಸುವುದನ್ನು ನಿಲ್ಲಿಸಿ ಯೋಚಿಸಿದರು. "ನೋಡಮ್ಮ, ಭಾನುವಾರ ಹೊಸಕೋಟೆಯವರು ಬರ್ತಿದಾರೆ. ಆಷಾಢ ಹುಟ್ಟೋದ್ರೊಳಗೆ ನೋಡಿ ಮುಗಿಸ್ಬೇಕು ಅಂತಾರೆ. ಹುಡುಗ ದನದ ಡಾಕ್ಟರು. ಫೋಟೋ ನೋಡಿ ಆಗಲೇ ಅರ್ಧ ಒಪ್ಪಿದಾರೆ. ಅಷ್ಟರೊಳಗೆ ಈ ಕೆಲಸ ಸಿಕ್ರೆ ಒಂದು ವರ್ಷ ನಾನು ಮದುವೆ ಮಾತೆತ್ತಲ್ಲ. ಸಿಗ್ಲಿಲ್ಲ ಅಂದ್ರೆ, ಅವರು ಒಪ್ಪಿದ್ರೆ ನೀನು ತಕರಾರು ಮಾಡ್ಬಾರ್ದು."

ದನದ ಡಾಕ್ಟರ ಮೇಲೆ ನನಗೇನೂ ದ್ವೇಷವಿರಲಿಲ್ಲ. ಆದರೆ ನನ್ನ ಹೆಸರಿನ ಪಟ್ಟಿ ಎದೆಗೇರುವ ಮೊದಲೇ ಇನ್ನೊಬ್ಬರ ಹೆಸರು ನನ್ನ ಹೆಸರಿನ ಬಾಲಕ್ಕೆ ಬಂದು ಕೂತುಬಿಡುತ್ತದೆ ಅನ್ನುವುದೇ ನನ್ನ ತಕರಾರು. ಆಯ್ತಪ್ಪ ಅಂದೆ.

ತಯಾರಿ ಶುರುವಾಯಿತು. ಮಹಡಿಯ ಮನೆಯಲ್ಲಿ ಬಾಡಿಗೆಗಿದ್ದ ಹಿರೇಮಠ್ ಸರ್ ಧಾರವಾಡದ ಕಡೆಯವರು, ಯಾವುದೋ ಇಲಾಖೆಯಲ್ಲಿ ಅಧಿಕಾರಿ. ತಾವು ಹತ್ತಾರು ಇಂಟರ್‌ವ್ಯೂ ಕೊಟ್ಟು, ಹತ್ತಾರು ತೆಗೆದುಕೊಂಡವರು. ನೀರಿನ ಟ್ಯಾಂಕಿನ ನೆರಳಲ್ಲಿ ಕುರ್ಚಿ ಹಾಕಿಸಿ ನನ್ನನ್ನು ಎದುರಿಗೆ ಕೂರಿಸಿದರು.

"ಏನವಾ, ಕಣ್ಣಾಗ ಕಣ್ಣಿಟ್ಟು ಮಾತಾಡು. ನೆಲಾ ಏನ್ ನೋಡ್ತಿ? ನೆಲದಾಗ ಉತ್ತರ ಬರ್ದೈತೇನು?"

ಕೆಳಗಿಳಿದು ಬಂದರೆ ದೊಡ್ಡತ್ತೆಯ ಕ್ಲಾಸು. ಇಂಟರ್‌ವ್ಯೂ ಎಂದರೆ ಹತ್ತು ಜನ ಹುಡುಗಿಯನ್ನು ನೋಡುವುದು ಅಂತ ಕೇಳಿದ್ದೇ ತಡ, ಈ ವಿದ್ಯೆಯಲ್ಲಿ ತಮಗಿಂತ ಪಂಡಿತರಿಲ್ಲ ಎಂದು ಅವರು ನನ್ನ ಮುಖಕ್ಕೆ ಹಚ್ಚಲು ಕಡಲೆಹಿಟ್ಟು ಕಲಸಿ ಕೂತಿದ್ದರು. "ಕಣ್ಣಲ್ಲಿ ಕಣ್ಣಿಡೋದಾ? ಮೇಲಿನ ಮೇಷ್ಟ್ರಿಗೆ ಬುದ್ಧಿ ಇಲ್ಲ. ತಲೆ ಬಗ್ಗಿಸು. ಪೂರ್ತಿ ಬಗ್ಗಿಸ್ಬೇಡ, ಕತ್ತು ನೋವು ಅಂದ್ಕೋತಾರೆ."

ಮೇಲೆ ಹೋದರೆ, "ಧ್ವನಿ ಎತ್ತು, ಕಡೀ ಸಾಲಿನವ್ರಿಗೂ ಕೇಳ್ಬೇಕು." ಕೆಳಗೆ ಬಂದರೆ, "ಮೆಲ್ಲಗೆ ಮಾತಾಡು, ಬಾಯಿಬಡಕಿ ಅಂತಾರೆ." ಮೇಲೆ ಕೈಕುಲುಕುವ ಅಭ್ಯಾಸ, ಕೆಳಗೆ ಕಾಲಿಗೆ ಬೀಳುವ ಅಭ್ಯಾಸ. ಮೆಟ್ಟಿಲು ಹತ್ತಿ ಇಳಿದು ಕೊನೆಗೆ ಮಧ್ಯದ ಮೆಟ್ಟಿಲ ಮೇಲೆ ಒಬ್ಬಳೇ ಕೂತು ನಗಲು ಶುರು ಮಾಡಿದೆ. ತಲೆ ಅರ್ಧ ಬಗ್ಗಿಸಿ ಕಣ್ಣಲ್ಲಿ ಕಣ್ಣಿಟ್ಟರೆ ಮನುಷ್ಯ ಹೇಗೆ ಕಾಣುತ್ತಾನೆ ಅಂತ ನೀವೂ ಒಂದು ಸಲ ಕನ್ನಡಿಯ ಮುಂದೆ ಮಾಡಿ ನೋಡಿ. ಗುದ್ದಲು ಬರುವ ಹೋರಿ.

ದೊಡ್ಡ ಜಗಳವಾದದ್ದು ದೌರ್ಬಲ್ಯದ ಪ್ರಶ್ನೆಯ ಮೇಲೆ. ನಿಮ್ಮ ದೌರ್ಬಲ್ಯ ಏನು ಅಂತ ಕೇಳೇ ಕೇಳುತ್ತಾರೆ ಎಂದಿದ್ದರು ಹಿರೇಮಠ್ ಸರ್. "ಹಿಡಿದ ಕೆಲಸ ಮುಗಿಯೂತನಕ ನನಗ ನಿದ್ದಿ ಬರಂಗಿಲ್ಲರಿ, ಅದ ನನ್ನ ದೌರ್ಬಲ್ಯ, ಅಂತ ಹೇಳು." ಇದನ್ನು ಕೇಳಿದ ದೊಡ್ಡತ್ತೆ ಸೆರಗು ಸಿಕ್ಕಿಸಿಕೊಂಡು ಮಹಡಿ ಹತ್ತಿಯೇಬಿಟ್ಟರು.

"ಅಲ್ರೀ ಸ್ವಾಮಿ, ಹೆಣ್ಣಿನ ಕೊರತೆ ನಾವಾಗೇ ಯಾಕ್ರೀ ಹೇಳ್ಬೇಕು? ನಿದ್ದೆ ಬರದ ಹುಡುಗಿ ಅಂದ್ರೆ ಯಾರು ಒಪ್ತಾರೆ? ಕೊರತೆ ಇದ್ರೆ ಅವರೇ ಹುಡುಕ್ಕೊಳ್ಳಲಿ!"

ಹಿರೇಮಠ್ ಸರ್ ಅಷ್ಟು ವರ್ಷದ ಸರ್ವಿಸಿನಲ್ಲಿ ಇಂಥ ವಾದ ಕೇಳಿರಲಿಲ್ಲ. "ನೀವಂದದ್ದೂ ಖರೇನ ಐತಿ ಬಿಡ್ರಿ, ಅಕ್ಕಾರ" ಎಂದರು.

ಚಪ್ಪಲಿ ತರಲು ಶಿವಾಜಿನಗರಕ್ಕೆ ಹೋದೆ. ಮಾರುಕಟ್ಟೆಯ ಹಿಂದಿನ ಗಲ್ಲಿಯ ಅಂಗಡಿಯವರು ನನ್ನ ಮುಖದ ಕಳೆ ನೋಡಿ, "ಶಾದಿಗೆ ಏನಮ್ಮಾ?" ಅಂದರು. ಇಲ್ಲ, ಇಂಟರ್‌ವ್ಯೂಗೆ ಅಂದೆ. ಅವರು ತಕ್ಷಣ ಮಿಣಿಮಿಣಿ ಕಲ್ಲಿನ ಜೋಡಿಗಳನ್ನು ಬದಿಗೆ ಸರಿಸಿ ಕಪ್ಪು ಬೂಟೊಂದನ್ನು ತೋಳಿನಿಂದ ಒರೆಸಿ ಮುಂದಿಟ್ಟರು. "ಇದು ತಗೋಳಿ. ಶಾದಿಗೆ ಆವಾಜ್ ಬರ್ಬೇಕು, ಇಂಟರ್‌ವ್ಯೂಗೆ ಆವಾಜ್ ಬರ್ಬಾರ್ದು. ಹಾಕ್ಕೊಂಡು ನಡೀರಿ, ನೀವು ಬಂದಿದ್ದು ನಿಮಗೇ ಗೊತ್ತಾಗಲ್ಲ." ಆ ಬೂಟಿನ ಮೇಲೆ ನನಗೆ ಪ್ರೀತಿ ಉಕ್ಕಿತು. ಮನೆಯೊಳಗೆಲ್ಲ ಅದನ್ನೇ ಹಾಕಿಕೊಂಡು ಓಡಾಡಿ ಬೈಸಿಕೊಂಡೆ.

ಬುಧವಾರ ಹನ್ನೆರಡರಿಂದ ರಾಹುಕಾಲ. ದೊಡ್ಡತ್ತೆ ಅದಕ್ಕೂ ದಾರಿ ಕಂಡುಹಿಡಿದರು. ಹೊಸ್ತಿಲು ದಾಟಿದ ಗಳಿಗೆಯೇ ಲೆಕ್ಕ ಎಂದು ಬೆಳಿಗ್ಗೆ ಎಂಟಕ್ಕೇ ನನ್ನನ್ನು ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿಕೊಂಡರು. ಉಳಿದ ತಿಂಡಿಯನ್ನು ಕಿಟಕಿಯಿಂದ ಕೊಟ್ಟರು. ಹೂವು ಮುಡಿಸುವುದು ಮರೆತು ಅದನ್ನೂ ಕಿಟಕಿಯಿಂದಲೇ ಮುಡಿಸಿದರು. ಮಲ್ಲಿಗೆ ಒಂದು ಮೊಳ ಸಾಕು ಅಂದರೆ ಕೇಳಲಿಲ್ಲ. ಹಳದಿ ಸೀರೆ, ಅಷ್ಟು ಮಲ್ಲಿಗೆ, ಕೆಳಗೆ ಸದ್ದಿಲ್ಲದ ಕಪ್ಪು ಬೂಟು. ಅಪ್ಪನ ಸ್ಕೂಟರ್ ಹಿಂದೆ ಹಲಸೂರು ದಾಟಿ ಹೋಗುವಾಗ ಸಿಗ್ನಲ್ಲಿನಲ್ಲಿ ನಿಂತವರೆಲ್ಲ ನಮ್ಮನ್ನು ದೇವಸ್ಥಾನಕ್ಕೆ ಹೊರಟವರೆಂದೇ ತಿಳಿದಿರಬೇಕು.

ಅಪ್ಪ ನನ್ನನ್ನು ಗೇಟಿನ ಹತ್ತಿರ ಇಳಿಸಿ, "ನೀನು ಹೋಗಮ್ಮ, ನಾನು ಇಲ್ಲೇ ಎದುರಿಗೆ ಇರ್ತೀನಿ" ಎಂದು ರಸ್ತೆಯಾಚೆಯ ಬೀಡಾ ಅಂಗಡಿಯ ಕಡೆ ನಡೆದರು. ಅಪ್ಪನಿಗೆ ಎಲೆ ಅಡಿಕೆಯ ಚಟವಿಲ್ಲ. ಆದರೆ ಆಗ ಅದು ನನ್ನ ತಲೆಗೆ ಹೊಳೆಯಲಿಲ್ಲ.

ಹೋಟೆಲಿನಲ್ಲಿ ರಿಪೇರಿ ನಡೆಯುತ್ತಿತ್ತು. ಮೀಟಿಂಗ್ ರೂಮಿಗೆ ಬಣ್ಣ ಹೊಡೆಯುತ್ತಿದ್ದರಿಂದ ಇಂಟರ್‌ವ್ಯೂ ಅತಿಥಿಗಳು ಕೂರುವ ಲೌಂಜಿನಲ್ಲಿ ಎಂದು ಹೇಳಿ ಗಾಜಿನ ಬಾಗಿಲು ತೋರಿಸಿದರು. ಒಳಗೆ ಕಣ್ಣು ಹಾಯಿಸಿದೆ. ಉದ್ದನೆಯ ಸೋಫಾ. ಸೋಫಾದಲ್ಲಿ ಸಾಲಾಗಿ ಮೂವರು. ಬಾಗಿಲಾಚೆ ಮೆತ್ತನೆಯ ಕಂಬಳಿಯಂಥ ನೆಲಹಾಸು. ನನ್ನ ಕಾಲು ಏನು ಮಾಡಿತು ಗೊತ್ತೇ? ನಾನು ಹೇಳಲಿಲ್ಲ, ಅದೇ ಮಾಡಿತು. ಹೊಚ್ಚಹೊಸ ಬೂಟುಗಳನ್ನು ಬಾಗಿಲ ಹೊರಗೆ ಕಳಚಿ, ಜೋಡಿಸಿಟ್ಟು, ಬರಿಗಾಲಲ್ಲಿ ಒಳಗೆ ಹೋಯಿತು.

ಹೆಬ್ಬೆರಳಿಗೆ ನೆಲಹಾಸಿನ ನಯ ತಾಕಿದಾಗಲೇ ಎಚ್ಚರವಾದದ್ದು. ವಾಪಸ್ ಹೋಗುವಂತಿಲ್ಲ. ಸೀರೆಯ ನೆರಿಗೆ ಕೆಳಗೆ ಎಳೆದುಕೊಂಡು ಕುರ್ಚಿಯ ತುದಿಯಲ್ಲಿ ಕೂತೆ.

ನಡುವೆ ಜನರಲ್ ಮ್ಯಾನೇಜರ್ ಮೆನನ್, ಇಸ್ತ್ರಿ ಮಾಡಿದ ಮುಖ. ಅವರ ಬಲಕ್ಕೆ ಫ್ರಂಟ್ ಆಫೀಸಿನ ಮುಖ್ಯಸ್ಥೆ ಫಿಲೋಮಿನಾ ಮೇಡಂ, ಹಲಸೂರಿನವರು, ಕನ್ನಡಕದ ಸರಪಳಿ ಕುತ್ತಿಗೆಗೆ. ಎಡಕ್ಕೆ ಬಿಳಿ ಪಂಚೆಯ ವೃದ್ಧ ಮಾಲೀಕರು, ಅರ್ಧ ನಿದ್ದೆಯಲ್ಲಿ. ಮೆನನ್ ಸಾಹೇಬರು ಇಂಗ್ಲಿಷಿನಲ್ಲಿ ನಿಮ್ಮ ಬಗ್ಗೆ ಹೇಳಿ ಎಂದರು. ಟ್ಯಾಂಕಿನ ನೆರಳಲ್ಲಿ ಉರು ಹೊಡೆದದ್ದನ್ನು ಒಪ್ಪಿಸಿದೆ. ಮೊದಲೆರಡು ವಾಕ್ಯ ಹಿರೇಮಠ್ ಸರ್ ಧ್ವನಿಯಲ್ಲಿ ಗಟ್ಟಿಯಾಗಿ, ಮುಂದಿನವು ದೊಡ್ಡತ್ತೆಯ ಲೆಕ್ಕದಲ್ಲಿ ಮೆಲ್ಲಗೆ ಬಂದವು. ರೇಡಿಯೋ ಸ್ಟೇಷನ್ ಸರಿಯಾಗಿ ಹಿಡಿಯದ ಹಾಗೆ.

ಆಗ ಬಾಗಿಲು ತೆರೆಯಿತು. ಬಿಳಿ ಉಡುಪಿನ ಒಬ್ಬರು ಟ್ರೇ ಹಿಡಿದು ಬಂದರು. ಲೋಟಗಳು ಕಿಣಿಕಿಣಿ ಅಂದವು.

ಬರಿಗಾಲು, ಸೋಫಾ, ಸಾಲು, ಕಾಫಿಯ ವಾಸನೆ. ಇನ್ನು ನನ್ನ ಕೈಯಲ್ಲಿ ಏನಿದೆ ಹೇಳಿ. ಎದ್ದೆ. ಆ ಮನುಷ್ಯ ಬೇಡ ಬೇಡ ಅನ್ನುತ್ತಿದ್ದರೂ ಟ್ರೇ ಕಸಿದುಕೊಂಡೆ. ಒಂದೇ ನೋಟಕ್ಕೆ ಹಿರಿಯರನ್ನು ಗುರುತಿಸಿ ನೇರವಾಗಿ ಮಾಲೀಕರ ಮುಂದೆ ಹೋಗಿ ಬಾಗಿದೆ. ಅವರಿಗೆ ಎಚ್ಚರವಾಗಿ, ಕಾಫಿ ತೆಗೆದುಕೊಂಡು, "ಬದುಕಮ್ಮ" ಅಂದರು. ಆಮೇಲೆ ಫಿಲೋಮಿನಾ ಮೇಡಂ. ಮೂವರಲ್ಲಿ ಚಿಕ್ಕವರು ಮೆನನ್ ಸಾಹೇಬರಾದ್ದರಿಂದ ಅವರನ್ನು ಹುಡುಗನ ಸ್ಥಾನಕ್ಕೆ ಹಾಕಿ ಕೊನೆಗೆ ಕೊಟ್ಟೆ. ಖಾಲಿ ಟ್ರೇಯನ್ನು ಎದೆಗೆ ಅವುಚಿಕೊಂಡು ಬಂದು ಕೂತೆ. ಕೂತ ಮೇಲೆ ಮೈಯೆಲ್ಲ ಬೆವರಿತು. ತಂದಿದ್ದ ಮನುಷ್ಯ ಖಾಲಿ ಕೈ ನೋಡಿಕೊಳ್ಳುತ್ತಾ ನಿಂತೇ ಇದ್ದರು.

"ಏನ್ಮಾ," ಫಿಲೋಮಿನಾ ಮೇಡಂ ಕನ್ನಡಕ ಇಳಿಸಿದರು, "ಇದು ರಿಸೆಪ್ಷನ್ ಕೆಲ್ಸ. ನೀನು ಸರ್ವಿಸ್‌ಗೆ ಬಂದಿದ್ಯಾ?"

ಮುಗಿಯಿತು ಅಂದುಕೊಂಡೆ. ಒಮ್ಮೆ ಮುಗಿಯಿತು ಅನ್ನಿಸಿತು ನೋಡಿ, ಎಂಥ ನೆಮ್ಮದಿ! ಹಿರೇಮಠ್ ಸರ್ ಒಂದು ಕಡೆ, ದೊಡ್ಡತ್ತೆ ಒಂದು ಕಡೆ ತಲೆಯಿಂದಿಳಿದು ಹೋದರು. "ಇಲ್ಲ ಮೇಡಂ, ಮನೇಲಿ ನನ್ನ ನೋಡೋಕೆ ಬಂದವರಿಗೆಲ್ಲ ನಾನೇ ಕೊಡೋದು. ನೀವು ಮೂರು ಜನ ಸಾಲಾಗಿ ಕೂತಿದ್ರಲ್ಲ, ಅಭ್ಯಾಸಬಲ. ಬೂಟು ಕೂಡ ಹೊರಗೇ ಬಿಟ್ಟು ಬಂದ್ಬಿಟ್ಟಿದೀನಿ" ಅಂದೆ. ಮಾಲೀಕರು ಬಗ್ಗಿ ನನ್ನ ಕಾಲು ನೋಡಿದರು. ಅವರ ಕಾಫಿ ಪಂಚೆಯ ಮೇಲೆ ತುಳುಕುವಷ್ಟು ನಗು ಬಂತು ಅವರಿಗೆ.

ಮೆನನ್ ಸಾಹೇಬರು ನಗಲಿಲ್ಲ. ಒಬ್ಬ ಅತಿಥಿ ಮೊದಲೇ ರೂಮು ಬುಕ್ ಮಾಡಿದ್ದಾನೆ, ಬಂದರೆ ರೂಮು ಖಾಲಿ ಇಲ್ಲ, ಕೌಂಟರಿನ ಮುಂದೆ ನಿಂತು ಕೂಗಾಡುತ್ತಿದ್ದಾನೆ, ಏನು ಮಾಡುತ್ತೀ ಎಂದು ಕೇಳಿದರು. ಇದಕ್ಕೆ ಉರು ಹೊಡೆದ ಉತ್ತರವಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ನಡೆದದ್ದಿತ್ತು.

"ಮೊದ್ಲು ಕೂರಿಸ್ತೀನಿ ಸರ್. ನಿಂತವರಿಗೆ ಸಿಟ್ಟು ಜಾಸ್ತಿ. ಆಮೇಲೆ ನೀರು. ನಮ್ಮನೆಗೆ ಒಂದ್ಸಲ ನಾಲ್ಕು ಜನ ಬರ್ತೀವಿ ಅಂತ ಹೇಳಿ ವ್ಯಾನ್ ತುಂಬ ಬಂದಿದ್ರು. ಕುರ್ಚಿ ಇಲ್ಲ, ಕಾಫಿ ಇಲ್ಲ. ಹುಡುಗನ ಸೋದರಮಾವ ಬಾಗಿಲಲ್ಲೇ ಕೂಗಾಡಿದ್ರು. ಜಾಗ ಇದೆ ಅಂತ ಸುಳ್ಳು ಹೇಳ್ಬಾರ್ದು ಸರ್, ಇನ್ನೂ ರೇಗ್ತಾರೆ. ನಮ್ಮಿಂದ ತಪ್ಪಾಯ್ತು ಅಂತ ಹೇಳಿ, ಕೂಗೋರನ್ನ ಅವರ ಮಕ್ಕಳುಮರಿಯಿಂದ ಬೇರೆ ಮಾಡಿ ನೆರಳಲ್ಲಿ ಕೂರಿಸಿ, ಪಕ್ಕದ್ಮನೆಗೆ ಓಡಿ ವ್ಯವಸ್ಥೆ ಮಾಡ್ದೆ. ಇಲ್ಲೂ ಅಷ್ಟೇ. ಪಕ್ಕದ ಹೋಟೆಲಲ್ಲಿ ರೂಮ್ ಕೇಳಿ, ನಮ್ಮ ಕಾರಲ್ಲೇ ಕಳಿಸಿ, ಮಾರನೇ ದಿನ ನಾನೇ ಫೋನ್ ಮಾಡಿ ವಿಚಾರಿಸ್ಕೋತೀನಿ."

"ಆ ಸೋದರಮಾವ ಏನಂದ್ರು?" ಮಾಲೀಕರು ಕೇಳಿದರು.

"ಹೋಗೋವಾಗ ಇನ್ನೊಂದು ಲೋಟ ಕಾಫಿ ಕೇಳಿದ್ರು ಸರ್."

ಮೆನನ್ ಸಾಹೇಬರು ಫಿಲೋಮಿನಾ ಮೇಡಂ ಕಡೆ ನೋಡಿದರು. ಮೇಡಂ ನನ್ನ ಕಡೆ ತಿರುಗಿ, "ಸರಿ, ನೀನು ನಮ್ಗೆ ಏನಾದ್ರೂ ಕೇಳೋದಿದ್ಯಾಮ್ಮಾ?" ಅಂದರು.

ಟ್ರೇ ಹಿಡಿದು ಕೂತ ಹುಡುಗಿಯನ್ನು ಅಲ್ಲಿಯವರೆಗೆ ಯಾರೂ ಕೇಳಿರದ ಮಾತು. ನನಗೆ ತಲೆ ಗಿರ್ರೆಂದಿತು. ಕೇಳಬಹುದಂತೆ! ಏನು ಕೇಳುವುದೆಂದು ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಅಪ್ಪ ಕೇಳುವುದನ್ನು ಎಷ್ಟು ಭಾನುವಾರ ಕೇಳಿರಲಿಲ್ಲ ನಾನು? ಬಾಯಿ ತೆರೆದೆ. ಮಿಕ್ಕಿದ್ದೆಲ್ಲ ತಾನಾಗಿ ಬಂತು.

"ಈ ಕಟ್ಟಡ ಸ್ವಂತದ್ದಾ ಮೇಡಂ, ಬಾಡಿಗೇದಾ?"

"ಸ್ವಂತದ್ದು" ಎಂದರು ಮಾಲೀಕರು, ನೆಟ್ಟಗೆ ಕೂತು.

"ಸಾಲ ಏನಾದ್ರೂ ಇದ್ಯಾ ಸರ್?"

"ರಿಪೇರಿಗೆ ಸ್ವಲ್ಪ ಮಾಡಿದೀವಿ. ತೀರುತ್ತೆ."

"ಇಲ್ಲಿ ಮಾತು ಯಾರದು ನಡೆಯುತ್ತೆ?"

ಮಾಲೀಕರೂ ಮೆನನ್ ಸಾಹೇಬರೂ ಒಟ್ಟಿಗೆ ಫಿಲೋಮಿನಾ ಮೇಡಂ ಕಡೆ ಬೆರಳು ತೋರಿಸಿದರು. ಅವರು ಕೆಂಪಗಾದರು.

"ನನಗಿಂತ ಮುಂಚೆ ಇದ್ದ ಹುಡುಗಿ ಯಾಕೆ ಬಿಟ್ಳು?"

"ದುಬೈಗೆ ಹೋದ್ಲಮ್ಮಾ, ಗಂಡನ ಜೊತೆ. ನಾವು ಚೆನ್ನಾಗೇ ನೋಡ್ಕೊಂಡಿದ್ವಿ" ಎಂದು ಮೇಡಂ ಆಣೆ ಹಾಕುವವರ ಹಾಗೆ ಹೇಳಿದರು.

"ಹಬ್ಬಕ್ಕೆ ರಜಾ ಕೊಡ್ತೀರಾ?"

ಮೆನನ್ ಸಾಹೇಬರು ಅಷ್ಟೊತ್ತಿಗೆ ಟೈ ಸಡಿಲಿಸಿಕೊಂಡು ನಗುತ್ತಿದ್ದರು. ಇಸ್ತ್ರಿ ಪೂರ್ತಿ ಹಾಳಾಗಿತ್ತು. ಎದ್ದು ಕೈಕುಲುಕಿದರು. ಆಮೇಲೆ ಒಂದು ಮಾತು ಹೇಳಿದರು, ಅದರಿಂದ ನನ್ನ ಸಂಭ್ರಮವೆಲ್ಲ ಜರ್ರೆಂದು ಇಳಿಯಿತು. ನಾವು ಮಾತಾಡಿಕೊಂಡು ತಿಳಿಸುತ್ತೇವೆ, ಅಂದರು.

ಈ ಮಾತಿನ ಬೆಲೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೂಟು ಮೆಟ್ಟಿಕೊಂಡು ಹೊರಗೆ ಬಂದೆ. ಅಪ್ಪ ಬೀಡಾ ಅಂಗಡಿಯಿಂದ ಓಡೋಡಿ ಬಂದರು, ಬಾಯಿ ಕೆಂಪಗೆ. "ಎಲ್ಲಾ ವಿಚಾರಿಸ್ದೆ ಕಣಮ್ಮ. ಕಟ್ಟಡ ಸ್ವಂತದ್ದು. ರಿಪೇರಿಗೆ ಸ್ವಲ್ಪ ಸಾಲ ಮಾಡಿದಾರೆ, ಭಯ ಇಲ್ಲ. ಒಬ್ಬ ಹೆಂಗಸಿದಾರಂತೆ, ಅವರದೇ ಮಾತು. ಮುಂಚಿನ ಹುಡುಗಿ ದುಬೈಗೆ ಹೋದ್ಲಂತೆ, ಜಗಳ ಗಿಗಳ ಏನಿಲ್ಲ. ಒಳ್ಳೇ ಸಂಬಂಧ." ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಸ್ಕೂಟರಿನ ಹಿಂದೆ ಯಾರಿಗೂ ತಿಳಿಯಲಿಲ್ಲ. ತಿಳಿಸ್ತೀವಿ ಅಂದಿದ್ದಾರೆ ಅಂದೆ. ಅಪ್ಪನಿಗೂ ಆ ಮಾತಿನ ಅರ್ಥ ಗೊತ್ತಿತ್ತು.

ಗುರುವಾರ ಫೋನು ಬರಲಿಲ್ಲ. ಶುಕ್ರವಾರ ಬಂತು, ರಾಂಗ್ ನಂಬರ್. ಶನಿವಾರ ದೊಡ್ಡತ್ತೆ ಗುಲಾಬಿ ಟ್ರೇಯನ್ನು ಹುಣಸೆಹಣ್ಣು ಹಾಕಿ ತೊಳೆದರು. ಮೆಲಮೈನಿಗೆ ಹುಣಸೆಹಣ್ಣು ಯಾಕೆ ಎಂದರೆ ಬೈಸಿಕೊಳ್ಳಬೇಕಾಗುತ್ತದೆ ಎಂದು ನಾನು ಕೇಳಲಿಲ್ಲ.

ಭಾನುವಾರ ಹೊಸಕೋಟೆಯವರು ಬಂದರು. ಸೋಫಾ ತುಂಬಿತು. ನಾನು ಅದೇ ಹಳದಿ ಸೀರೆಯಲ್ಲಿ, ಬರಿಗಾಲಲ್ಲಿ, ಟ್ರೇ ಹಿಡಿದು ಹಾಲಿನ ನಡುವಿಗೆ ಬಂದಿದ್ದೆ. ಮುಗಿಯಿತು ಸುಜಾತ ನಿನ್ನ ಪಟ್ಟಿ ಅಂತ ಒಳಗೇ ಹೇಳಿಕೊಳ್ಳುತ್ತಿದ್ದೆ. ಆಗ ಟಿ.ವಿ. ಪಕ್ಕದ ಫೋನು ಬಡಿದುಕೊಂಡಿತು. ಭಾನುವಾರ ಯಾವ ಆಫೀಸೂ ಇರುವುದಿಲ್ಲ. ಆದರೆ ಹೋಟೆಲಿಗೆಲ್ಲಿಯ ಭಾನುವಾರ?

ಅಪ್ಪ ಎತ್ತಿದರು. "ಯಾರು? ಹೋಟೆಲಿನೋರಾ? ಹೇಳಿ ಮೇಡಂ, ಹೇಳಿ... ಹೌದಾ?... ಒಂದನೇ ತಾರೀಕಿಂದಾನಾ? ಅದು ಆಗಲ್ಲ ಮೇಡಂ. ಆಷಾಢ ಬಂದ್ಬಿಡುತ್ತೆ. ಆಷಾಢದಲ್ಲಿ ನಮ್ಮಲ್ಲಿ ಹೊಸ ಕೆಲಸಕ್ಕೆ ಹೆಣ್ಮಕ್ಕಳನ್ನ ಕಳಿಸಲ್ಲ... ಶುಕ್ರವಾರಾನೇ ಬಂದು ಸೇರ್ಬಹುದಾ? ಹಾಗಾದ್ರೆ ಸರಿ. ಒಂದ್ನಿಮಿಷ ಇರಿ."

ಅಪ್ಪ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದರು. ಅಪ್ಪ ಎಲ್ಲರೆದುರಿಗೆ, ಎಷ್ಟೋ ಭಾನುವಾರಗಳಲ್ಲಿ ಒಮ್ಮೆಯೂ ಕೇಳದಿದ್ದ ಮಾತು ಕೇಳಿದರು.

"ಅವರಿಗೆ ನೀನು ಒಪ್ಪಿಗೆ ಅಂತೆ ಕಣಮ್ಮ. ನಿನಗೆ ಒಪ್ಪಿಗೇನಾ?"

ನನಗೆ ಏನಾಯಿತೋ. ಕಣ್ಣು ತುಂಬಿತು, ಅದರ ಜೊತೆಗೇ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು, ಕುಡಿದವಳ ಹಾಗೆ ತಲೆ ಹಗುರಾಯಿತು. ಇಷ್ಟು ವರ್ಷ ಕೇಳಿಸಿಕೊಂಡದ್ದನ್ನು ಒಂದು ಸಲವಾದರೂ ನಾನು ಹೇಳಬೇಡವೇ? ಕತ್ತು ಓರೆ ಮಾಡಿ ಗಂಭೀರವಾಗಿ ಹೇಳಿದೆ. "ಮನೇಲಿ ಮಾತಾಡಿ ತಿಳಿಸ್ತೀವಿ ಅನ್ನಪ್ಪ."

ಅಪ್ಪನಿಗೆ ತಮಾಷೆ ಅರ್ಥವಾಗುವುದಿಲ್ಲ. ತಲೆಯಾಡಿಸಿ ಅಂಗೈ ತೆಗೆದರು. "ಮೇಡಂ, ಮನೇಲಿ ಮಾತಾಡಿ ತಿಳಿಸ್ತೀ..."

"ಅಯ್ಯೋ ಬೇಡಪ್ಪಾ!" ಎಂದು ಕಿರುಚಿ, ಹತ್ತಿರದಲ್ಲಿ ಸಿಕ್ಕಿದ ಕೈಗಳಿಗೆ ಟ್ರೇ ತುರುಕಿ, ಹಾರಿ ಹೋಗಿ ಫೋನು ಕಸಿದುಕೊಂಡೆ. "ಮೇಡಂ, ನಾನು ಸುಜಾತ! ಒಪ್ಪಿಗೆ ಮೇಡಂ! ಒಪ್ಪಿಗೆ, ಒಪ್ಪಿಗೆ!" ಆ ಕಡೆ ಫಿಲೋಮಿನಾ ಮೇಡಂ ನಗುವುದು ಸೋಫಾದವರೆಗೂ ಕೇಳುತ್ತಿತ್ತು. "ಬೂಟು ಹಾಕ್ಕೊಂಡು ಬಾಮ್ಮಾ" ಅಂದರು.

ಫೋನಿಟ್ಟು ತಿರುಗಿದೆ. ಹಾಲಿನ ನಡುವೆ ಗುಲಾಬಿ ಟ್ರೇ ಹಿಡಿದು ನಿಂತಿದ್ದವನು ಹುಡುಗ. ದನದ ಡಾಕ್ಟರು. ನಾನು ಅವನ ಮುಖ ನೋಡಿದ್ದು ಅದೇ ಮೊದಲು. ಬೆದರಿದ ಎಮ್ಮೆಗಳನ್ನು ದಿನವೂ ನೋಡುವ ಸಮಾಧಾನ ಅದರಲ್ಲಿತ್ತು. ಅವನು ಒಂದು ಗಳಿಗೆ ಟ್ರೇ ನೋಡಿದ, ಒಂದು ಗಳಿಗೆ ಸಾಲು ನೋಡಿದ. ಆಮೇಲೆ ಅಲ್ಲಿದ್ದವರಲ್ಲಿ ಅತಿ ಹಿರಿಯರು ಯಾರೆಂದು ಸರಿಯಾಗಿ ಗುರುತಿಸಿ, ನೇರವಾಗಿ ದೊಡ್ಡತ್ತೆಯ ಮುಂದೆ ಹೋಗಿ ಬಾಗಿದ.

ದೊಡ್ಡತ್ತೆ ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದರು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಡುಗೆ ಮಾಡೋಕೆ ಬರುತ್ತೇನಪ್ಪಾ?" ಅಂದರು.

ಅವನು ತಲೆ ಅರ್ಧ ಬಗ್ಗಿಸಿದ.

"ಮೊಟ್ಟೆ ಸಾರು ಬರುತ್ತೆ."